ಎಕ್ಸಿಮಾ ಇರೋ ಮಗುವಿಗೆ ಯಾವ ಸನ್‌ಸ್ಕ್ರೀನ್ ತಗೊಳ್ಳೋದು?

ಪ್ರಶ್ನೆ ಕೇಳಿದವರು, ಮೆಲ್ಬರ್ನ್:

ಎಲ್ಲರಿಗೂ ನಮಸ್ಕಾರ. ಮಗಳಿಗೆ ನಾಲ್ಕು ವರ್ಷ, ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸೋ ತೊಂದರೆ) ಇದೆ. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕೆನ್ನೆ. ಕಿಂಡರ್‌ನಲ್ಲಿ (ಶಿಶುವಿಹಾರ) ಎಲ್ಲ ಮಕ್ಕಳಿಗೂ ಒಂದೇ ದೊಡ್ಡ ಪಂಪ್ ಬಾಟಲಿಯಿಂದ ಸನ್‌ಸ್ಕ್ರೀನ್ ಹಚ್ಚುತ್ತಾರೆ. ಹಚ್ಚಿದ ಹತ್ತೇ ನಿಮಿಷಕ್ಕೆ ಕೆನ್ನೆ ಕೆಂಪಗಾಗಿ ಉರಿ ಉರಿ ಅಂತ ಅಳ್ತಾಳೆ. ಕೆಮಿಸ್ಟ್ ಅಂಗಡಿಗೆ ಹೋದರೆ "ಸೆನ್ಸಿಟಿವ್", "ಕಿಡ್ಸ್", "ಬೇಬಿ" ಅಂತ ಒಂದು ಗೋಡೆ ತುಂಬ ಜೋಡಿಸಿಟ್ಟಿದ್ದಾರೆ. ಏನು ನೋಡಿ ತಗೊಳ್ಳಬೇಕು? ಊರಿಂದ ಬಂದಿರೋ ನಮ್ಮತ್ತೆ, ಇದೆಲ್ಲ ಬೇಡ, ಕೊಬ್ಬರಿ ಎಣ್ಣೆ ಸಾಕು ಅಂತಾರೆ. ಟರ್ಮ್ 4 (ವರ್ಷದ ಕೊನೆಯ, ಬಿಸಿಲೇರೋ ಅವಧಿ) ಶುರುವಾಗೋದರೊಳಗೆ ಏನಾದರೂ ತೀರ್ಮಾನ ಮಾಡಬೇಕು.

ಫಾರ್ಮಸಿಸ್ಟ್, ಪರ್ತ್:

ಮುಂದಿನ ಲೇಬಲ್ ನೋಡಲೇಬೇಡಿ, ಟ್ಯೂಬ್ ತಿರುಗಿಸಿ. "ಸೆನ್ಸಿಟಿವ್", "ಹೈಪೊಅಲರ್ಜೆನಿಕ್", "ನ್ಯಾಚುರಲ್" ಅನ್ನೋ ಪದಗಳಿಗೆ ಕಾನೂನಿನ ಅಳತೆ ಅಂತ ಏನೂ ಇಲ್ಲ. ಹಿಂದೆ ಆಕ್ಟಿವ್ ಇಂಗ್ರೀಡಿಯೆಂಟ್ಸ್ (ಬಿಸಿಲು ತಡೆಯೋ ಅಂಶಗಳು) ಅಂತ ಇರೋ ಕಡೆ ಜಿಂಕ್ ಆಕ್ಸೈಡ್ ಒಂದೇ ಇರಬೇಕು, ಇಲ್ಲವೇ ಜಿಂಕ್ ಜೊತೆ ಟೈಟೇನಿಯಂ ಡೈಆಕ್ಸೈಡ್. ಜಿಂಕ್ ಒಂದೇ ಇರೋ, ಎಸ್‌ಪಿಎಫ್ (ಬಿಸಿಲಿನ ಸುಡುವಿಕೆ ಎಷ್ಟು ತಡೆಯುತ್ತೆ ಅನ್ನೋ ಅಂಕಿ) 50+ ಇರೋ ಕ್ರೀಮುಗಳಲ್ಲಿ ಅದು ಸಾಮಾನ್ಯವಾಗಿ ಶೇ. 20ರಿಂದ 25ರವರೆಗೆ ಇರುತ್ತೆ. ಇವೆರಡೂ ಖನಿಜದ ಪುಡಿಗಳು. ಚರ್ಮದ ಮೇಲೇ ಕೂರುತ್ತವೆ, ಅಲರ್ಜಿ ಆಗೋದು ತೀರಾ ಅಪರೂಪ. ಆಕ್ಟೊಕ್ರಿಲೀನ್, ಆಕ್ಸಿಬೆನ್ಝೋನ್ ಅನ್ನೋ ಕೆಮಿಕಲ್ ಫಿಲ್ಟರುಗಳು ಇರೋದನ್ನು ಎಕ್ಸಿಮಾ ಮಗುವಿಗೆ ಬಿಟ್ಟುಬಿಡಿ. ಬ್ಯುಟೈಲ್ ಮೆಥಾಕ್ಸಿಡೈಬೆನ್ಝಾಯ್ಲ್‌ಮೀಥೇನ್ ಅಂತ ಉದ್ದದ ಹೆಸರು ಕಂಡರೆ ಅದು ಅವೊಬೆನ್ಝೋನ್. ಬೆವರಿನ ಜೊತೆ ಕಣ್ಣಿಗಿಳಿದರೆ ಚೆನ್ನಾಗಿ ಉರಿಯುತ್ತೆ.

ಆಸ್ಟ್ರೇಲಿಯಾದಲ್ಲಿ ಒಂದು ತೊಡಕಿದೆ. ಇಲ್ಲಿ ಸನ್‌ಸ್ಕ್ರೀನ್ ಟಿಜಿಎ (ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ) ಕೆಳಗೆ ಔಷಧದ ಸಾಲಿಗೆ ಸೇರುತ್ತೆ, "ಆಸ್ಟ್ ಎಲ್" ಅಂತ ನಂಬರ್ ಇರೋದು ಅದಕ್ಕೇ. ಹಾಗಾಗಿ ಟ್ಯೂಬ್ ಮೇಲೆ ಆಕ್ಟಿವ್‌ಗಳು ಮತ್ತು ಪ್ರಿಸರ್ವೇಟಿವ್‌ಗಳನ್ನು (ಕ್ರೀಮ್ ಕೆಡದ ಹಾಗೆ ಕಾಯೋ ಅಂಶಗಳು) ಬರೆದರೆ ಸಾಕು, ಉಳಿದದ್ದು ಬರೆಯಲೇಬೇಕು ಅಂತಿಲ್ಲ. ಮಗುವಿಗೆ ತೊಂದರೆ ಕೊಡೋದು ಎಷ್ಟೋ ಸಲ ಈ ಉಳಿದದ್ದೇ: ಸುಗಂಧ, ಲ್ಯಾವೆಂಡರ್ ಅಥವಾ ಕಿತ್ತಳೆ ಸಿಪ್ಪೆಯ ಎಣ್ಣೆ, ಲ್ಯಾನೊಲಿನ್, ಪ್ರೊಪಿಲೀನ್ ಗ್ಲೈಕಾಲ್. ಕಂಪನಿಯ ವೆಬ್‌ಸೈಟಿನಲ್ಲಿ ಪೂರ್ತಿ ಪಟ್ಟಿ ಹುಡುಕಿ. ಸಿಗದಿದ್ದರೆ ಬರೆದು ಕೇಳಿ. ಅವರು ಕೊಡೋದಿಲ್ಲ ಅಂದರೆ ಆ ಕ್ರೀಮ್ ಬೇಡ. ಪ್ರಿಸರ್ವೇಟಿವ್‌ಗಳಲ್ಲಿ ಮೀಥೈಲ್‌ಐಸೊಥಿಯಾಜೊಲಿನೋನ್ ಇದ್ದರೆ ಬೇಡವೇ ಬೇಡ. ಹಚ್ಚಿ ಹಾಗೇ ಬಿಡೋ ಕ್ರೀಮುಗಳಲ್ಲಿ ಯುರೋಪ್ ಅದನ್ನು 2017ರಲ್ಲೇ ನಿಷೇಧಿಸಿದೆ.

ಇನ್ನೊಂದು ವಿಷಯ. "100% ಮಿನರಲ್" ಅಂತ ಬರೆದು ಒಳಗೆ ಬ್ಯುಟೈಲ್‌ಆಕ್ಟೈಲ್ ಸ್ಯಾಲಿಸಿಲೇಟ್ ಸೇರಿಸಿರೋದು ಇದೆ. ಅದನ್ನು ಆಕ್ಟಿವ್ ಅಂತ ಲೆಕ್ಕಕ್ಕೆ ತಗೊಳ್ಳಲ್ಲ, ಆದರೆ ಕೆಮಿಕಲ್ ಫಿಲ್ಟರುಗಳ ಹತ್ತಿರದ ನೆಂಟ. ಜಿಂಕ್ ಹಚ್ಚಿದರೂ ಕೆಂಪಾಗುತ್ತೆ ಅನ್ನೋರು ಒಮ್ಮೆ ಇದು ಇದೆಯಾ ನೋಡಿ.

ತಂದ ದಿನವೇ ಮೈಗೆಲ್ಲ ಹಚ್ಚಬೇಡಿ. ಮೊಣಕೈಯಿಂದ ಸ್ವಲ್ಪ ಕೆಳಗೆ, ಒಳಭಾಗದಲ್ಲಿ, ಎಕ್ಸಿಮಾ ಇಲ್ಲದ ಜಾಗ ಆರಿಸಿಕೊಂಡು ಎರಡು ಡಾಲರ್ ನಾಣ್ಯಕ್ಕಿಂತ ತುಸು ದೊಡ್ಡದಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಏಳು ದಿನ ಹಚ್ಚಿ. ಒಂದೇ ದಿನ ಹಚ್ಚಿ "ಏನೂ ಆಗಲಿಲ್ಲ" ಅಂದುಕೊಳ್ಳೋದು ತಪ್ಪು, ಅಲರ್ಜಿ ಕಾಣಿಸಿಕೊಳ್ಳೋಕೆ ಒಂದರಿಂದ ಮೂರು ದಿನ ಬೇಕು. ಕೈ ಸರಿಹೋದರೆ ಕಿವಿಯ ಹಿಂದೆ ಎರಡು ದಿನ, ಆಮೇಲೆ ಕೆನ್ನೆ.

ಅಳತೆ. ನಾಲ್ಕು ವರ್ಷದ ಮಗು, ಟೋಪಿ ಮತ್ತು ಮೊಣಕೈವರೆಗೆ ತೋಳಿನ ಅಂಗಿ ಹಾಕಿದ್ದಾಳೆ ಅಂದುಕೊಳ್ಳೋಣ. ಮುಖ, ಕಿವಿ, ಕತ್ತು ಸೇರಿ ಕಾಲು ಟೀ ಚಮಚ. ಮೊಣಕೈ ಕೆಳಗೆ ಎರಡೂ ಕೈಗೆ ಕಾಲು ಟೀ ಚಮಚ. ಮಂಡಿ ಕೆಳಗೆ ಎರಡೂ ಕಾಲು, ಪಾದ ಸೇರಿ ಅರ್ಧ ಟೀ ಚಮಚ. ಒಟ್ಟು ಒಂದು ಟೀ ಚಮಚ, ಹತ್ತಿರ ಹತ್ತಿರ 5 ಗ್ರಾಂ. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯೋದೇ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಅದರಲ್ಲಿ ಅರ್ಧ ಹಚ್ಚಿದರೆ 50 ಅನ್ನೋದು 50 ಆಗಿ ಉಳಿಯಲ್ಲ. ದಿನಕ್ಕೆ ಎರಡು ಸಲ, ವಾರಕ್ಕೆ ಐದು ದಿನ ಅಂದರೆ 100 ಗ್ರಾಂ ಟ್ಯೂಬ್ ಎರಡು ವಾರಕ್ಕೆ ಮುಗಿಯಬೇಕು. ನಿಮ್ಮ ಮನೆಯಲ್ಲಿ ಒಂದು ಟ್ಯೂಬ್ ಇಡೀ ಬೇಸಿಗೆ ಬಂದಿದ್ದರೆ ಹಚ್ಚುತ್ತಿರೋದು ಕಡಿಮೆ ಅಂತಲೇ ಅರ್ಥ.

ಸಿಡ್ನಿಯ ಹಿರಿಯ ಸದಸ್ಯರು:

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಆದರೆ ನಾನು ಒಂದು ಮಾತು ಖಡಾಖಂಡಿತವಾಗಿ ಹೇಳಲೇಬೇಕು. ನಮ್ಮವರ ಮನೆಗಳಲ್ಲಿ ಸನ್‌ಸ್ಕ್ರೀನ್ ಹಚ್ಚೋದು ಮಗುವಿನ ಚರ್ಮದ ಆರೋಗ್ಯಕ್ಕಲ್ಲ, ಮಗು ಕಪ್ಪಾಗಬಾರದು ಅಂತ. ಇಲ್ಲಿಗೆ ಬಂದು ಎಷ್ಟು ವರ್ಷವಾದರೂ ಈ ಒಂದು ವ್ಯಾಮೋಹ ಹೋಗಿಲ್ಲ. "ಬಿಸಿಲಿಗೆ ಹೋಗ್ಬೇಡ, ಕಪ್ಪಗಾಗ್ತೀಯ" ಅಂತ ಐದು ವರ್ಷದ ಹುಡುಗಿಯ ಮುಂದೆ ಹೇಳ್ತೀವಿ. ಅವಳು ಶಾಲೆಯಲ್ಲಿ ತನ್ನ ಕೈಯನ್ನು ಪಕ್ಕದವಳ ಕೈ ಜೊತೆ ಇಟ್ಟು ನೋಡೋದು ಅಲ್ಲಿಂದಲೇ ಶುರು. ಊರಿಂದ ಬರುವಾಗ ಬೆಳ್ಳಗೆ ಮಾಡೋ ಕ್ರೀಮ್ ತರಿಸಿಕೊಳ್ಳೋರು ಇವತ್ತಿಗೂ ಇದ್ದಾರೆ, ಅಂಥವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ ಅನ್ನೋದನ್ನೂ ಮರೆತು.

ಎಕ್ಸಿಮಾ ಮಗುವಿಗೆ ಬೇಕಾದ್ದು ಬಟ್ಟೆ. 1981ರಲ್ಲಿ ವಿಕ್ಟೋರಿಯಾದಲ್ಲಿ "ಸ್ಲಿಪ್, ಸ್ಲಾಪ್, ಸ್ಲ್ಯಾಪ್" ಅಂತ ಪ್ರಚಾರ ಶುರು ಮಾಡಿದಾಗ ಮೊದಲ ಮಾತೇ ಅಂಗಿ ಹಾಕು ಅಂತ. ಸನ್‌ಸ್ಕ್ರೀನ್ ಎರಡನೇದು. ಯುಪಿಎಫ್ (ಬಟ್ಟೆ ಬಿಸಿಲು ತಡೆಯೋ ಅಳತೆ) 50+ ಇರೋ, ಈಜುವಾಗ ಹಾಕೋ ಉದ್ದ ತೋಳಿನ ರ‍್ಯಾಶಿ ಹಾಕಿ, ಆ ಬಟ್ಟೆ ಅತಿನೇರಳೆ ಕಿರಣದಲ್ಲಿ ಐವತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಳಗೆ ಬಿಡಲ್ಲ. ಅದಕ್ಕೆ ಅಲರ್ಜಿ ಇಲ್ಲ, ಎರಡು ಗಂಟೆಗೊಮ್ಮೆ ಹಚ್ಚೋದಿಲ್ಲ. ಕ್ಯಾಪ್ ಬೇಡ, ಕಿವಿ ಕತ್ತು ಬಿಸಿಲಿಗೇ ಬಿಟ್ಟಿರುತ್ತೆ. ಕತ್ತಿನ ಹಿಂದೆ ಬಟ್ಟೆ ಇಳಿಬಿದ್ದಿರೋ ಲೀಜನೇರ್ ಟೋಪಿ ಅಥವಾ ಸುತ್ತ ಅಂಚಿರೋ ಬಕೆಟ್ ಟೋಪಿ. ಅಷ್ಟು ಮಾಡಿದರೆ ಕ್ರೀಮ್ ಗೊಡವೆಯೇ ಬೇಡ.

ಬ್ರಿಸ್ಬೇನ್, ಮೂಲ ಧಾರವಾಡ:

ಸರ, ಬಟ್ಟಿ ಮಾತು ಖರೇ ಅದ. ಆದ್ರ ಕೆನ್ನಿಗೆ, ಅಂಗೈ ಹಿಂದ, ಪಾದದ ಮ್ಯಾಲೆ ಯಾವ ಅಂಗಿ ಹಾಕ್ತೀರಿ? ಬೀಚಿನ್ಯಾಗ ಉಸುಕು, ನೀರು ಎರಡೂ ಬಿಸಿಲನ್ನ ತಿರುಗಿ ಹೊಡಿತಾವ, ಟೋಪಿ ಕೆಳಗ ಇದ್ದ ಮಾರಿಗೂ ಬಡೀತದ. ಮತ್ತ ಸಾದಾ ಬಿಳೇ ಹತ್ತಿ ಟಿ-ಶರ್ಟ್ ಒದ್ದಿ ಆದ್ರ ತಡಿಯೋ ಶಕ್ತಿ ಇನ್ನೂ ಕಡಿಮಿ. ಹಚ್ಚಬ್ಯಾಡ್ರಿ ಅಂತ ಹೇಳೂದು ಬ್ಯಾಡ್ರಿ, ಆ ತಾಯಿ ಕೇಳಿದ್ದು ಯಾವುದು ಹಚ್ಚಲಿ ಅಂತ.

ಸ್ಪ್ರೇ ತಗೋಬ್ಯಾಡ್ರಿ ತಂಗಿ. ಗಾಳ್ಯಾಗ ಅರ್ಧ ಹಾರಿ ಹೋಗ್ತದ, ಉಳಿದದ್ದು ಕೂಸಿನ ಮೂಗಿನ್ಯಾಗ. ಕಾರಿನ್ಯಾಗ ಟ್ಯೂಬ್ ಬಿಡಬ್ಯಾಡ್ರಿ, 30 ಡಿಗ್ರಿ ಒಳಗ ಇಡ್ರಿ ಅಂತ ಅದರ ಮ್ಯಾಲೇ ಬರದಿರ್ತದ. ಎಣ್ಣಿ ಬ್ಯಾರೆ, ಪುಡಿ ಬ್ಯಾರೆ ಆಗಿ ನೀರಿನಂಗ ಹೊರಗ ಬಂದ್ರ ಒಗೀರಿ. 2025ರಾಗ ಚಾಯ್ಸ್ ಅನ್ನೂ ಗ್ರಾಹಕರ ಸಂಸ್ಥೆಯವರು 20 ಸನ್‌ಸ್ಕ್ರೀನ್ ಪರೀಕ್ಷೆ ಮಾಡಿದಾಗ 16 ಲೇಬಲಿನ ನಂಬರ್ ಮುಟ್ಟಲಿಲ್ಲ. ಹಂಗಂತ ಬಿಡೂದಲ್ಲ, 50+ ತಗೊಂಡು ದಪ್ಪ ಹಚ್ಚೂದು.

ಆಕ್ಲೆಂಡ್:

ಸಿಡ್ನಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಬಣ್ಣದ ಬಗ್ಗೆ ಮಕ್ಕಳ ಮುಂದೆ ಮಾತಾಡೋದು ನಿಲ್ಲಬೇಕು. ಜೊತೆಗೆ ವಿಟಮಿನ್ ಡಿ ಯೋಚನೆಯನ್ನೂ ಮಾಡಿ. ನಮ್ಮ ಚರ್ಮದಲ್ಲಿ ಮೆಲನಿನ್ ಹೆಚ್ಚು, ಅಷ್ಟೇ ವಿಟಮಿನ್ ತಯಾರಾಗೋಕೆ ಬಿಳಿ ಚರ್ಮಕ್ಕಿಂತ ಹೆಚ್ಚು ಬಿಸಿಲು ಬೇಕು. ಮೆಲ್ಬರ್ನ್‌ನಲ್ಲಿ ಮೇಯಿಂದ ಆಗಸ್ಟ್ ಮಧ್ಯದವರೆಗೆ ಯುವಿ (ಅತಿನೇರಳೆ ಕಿರಣದ ಸೂಚ್ಯಂಕ) 3 ದಾಟೋದೇ ಅಪರೂಪ. ಆ ತಿಂಗಳುಗಳಲ್ಲಿ ಸನ್‌ಸ್ಕ್ರೀನ್ ಹಚ್ಚದೆ ಹೊರಗೆ ಬಿಡಿ. ಬೇಸಿಗೆಯಲ್ಲೂ ಮುಚ್ಚಿ ಮುಚ್ಚಿ ಬೆಳೆಸಿದರೆ ಮೂಳೆಗೆ ಕಷ್ಟ.

ಫಾರ್ಮಸಿಸ್ಟ್, ಪರ್ತ್:

ಚಳಿಗಾಲದ ಮಾತು ಸರಿ. ಯುವಿ 3ರ ಕೆಳಗಿದ್ದರೆ ಸಾಮಾನ್ಯವಾಗಿ ಬೇಡ. ಆದರೆ ಬೇಸಿಗೆಯಲ್ಲಿ ವಿಟಮಿನ್ ಡಿಗೋಸ್ಕರ ಎಕ್ಸಿಮಾ ಮಗುವನ್ನು ಬಿಸಿಲಿಗೆ ಒಡ್ಡಬೇಕಿಲ್ಲ. ಅನುಮಾನ ಇದ್ದರೆ ಜಿಪಿ (ಸಾಮಾನ್ಯ ವೈದ್ಯರು) ಹತ್ತಿರ ರಕ್ತಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಹನಿ ಕೊಡ್ತಾರೆ. ನಮ್ಮ ಬಣ್ಣದ ಮಕ್ಕಳಿಗೆ ಇನ್ನೊಂದು ಕಾರಣಕ್ಕೂ ಸನ್‌ಸ್ಕ್ರೀನ್ ಬೇಕು: ಎಕ್ಸಿಮಾ ವಾಸಿಯಾದ ಜಾಗದಲ್ಲಿ ಉಳಿಯೋ ಕಪ್ಪು ಕಲೆ ಬಿಸಿಲಿಗೆ ಇನ್ನೂ ಗಾಢವಾಗಿ ತಿಂಗಳುಗಟ್ಟಲೆ ಹೋಗಲ್ಲ. ಇದು ಬೆಳ್ಳಗಾಗೋ ಮಾತಲ್ಲ ಸರ್, ಉರಿಯೂತದ ಗುರುತಿನ ಮಾತು.

ಸಿಡ್ನಿಯ ಹಿರಿಯ ಸದಸ್ಯರು:

ಕಲೆ ಉಳಿದರೆ ಏನಾಯ್ತು? ಅದನ್ನೂ ನಾವು ಕೊರತೆ ಅಂತ ನೋಡೋದರಿಂದಲೇ ತೊಂದರೆ. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಗದ್ದೆ ಬಯಲಲ್ಲೇ ಬೆಳೆದರು, ಗಟ್ಟಿಯಾಗೇ ಬೆಳೆದರು. ಇಲ್ಲಿ ಹುಟ್ಟಿದ ಮಕ್ಕಳಿಗೆ ಮೊದಲು ತಮ್ಮ ಬಣ್ಣದ ಮೇಲೆ ಅಭಿಮಾನ ಬರಲಿ. ಕನ್ನಡ ಶಾಲೆಯಲ್ಲಿ ಇದನ್ನೇ ಹೇಳಿಕೊಡಬೇಕು.

ಲಂಡನ್:

ಸರ್, ಅಭಿಮಾನ ಬರಲಿ, ಅದಕ್ಕೆ ನನ್ನದೂ ಒಂದು ವೋಟ್. ಪ್ರಶ್ನೆ ಕೇಳಿದವರಿಗೆ ಎರಡು ಸಾಲು. ಮಾಯಿಶ್ಚರೈಸರ್ ಮೊದಲು, ಅರ್ಧ ಗಂಟೆ ಬಿಡಿ, ಆಮೇಲೆ ಸನ್‌ಸ್ಕ್ರೀನ್, ಅದಾಗಿ 20 ನಿಮಿಷಕ್ಕೆ ಹೊರಗೆ. ಒಂದರ ಮೇಲೊಂದು ತಕ್ಷಣ ಹಚ್ಚಿದರೆ ಜಿಂಕ್ ಉಂಡೆ ಉಂಡೆಯಾಗಿ ಜಾರುತ್ತೆ, ಅಲ್ಲಲ್ಲಿ ಖಾಲಿ ಉಳಿಯುತ್ತೆ. ಸ್ಟೀರಾಯ್ಡ್ ಮುಲಾಮು ಇದ್ದರೆ ಅದನ್ನು ಸಂಜೆಗೆ ಇಟ್ಟುಕೊಳ್ಳಬಹುದಾ ಅಂತ ವೈದ್ಯರನ್ನು ಕೇಳಿ. ಟ್ಯಾಕ್ರೊಲಿಮಸ್ (ಸ್ಟೀರಾಯ್ಡ್ ಅಲ್ಲದ ಎಕ್ಸಿಮಾ ಮುಲಾಮು) ಹಚ್ಚುತ್ತಿದ್ದರೆ ಆ ಜಾಗಕ್ಕೆ ಬಿಸಿಲನ್ನೇ ತಪ್ಪಿಸಿ. ಬಿರುಕು ಬಿಟ್ಟು ನೀರು ಸೋರುವ ಕಡೆ ಯಾವ ಸನ್‌ಸ್ಕ್ರೀನೂ ಬೇಡ, ಅಲ್ಲಿಗೆ ಬಟ್ಟೆಯೇ ಸರಿ.

ಅತ್ತೆಯವರ ಕೊಬ್ಬರಿ ಎಣ್ಣೆಯನ್ನು ತಳ್ಳಿಹಾಕಬೇಡಿ. ಮಗುವಿಗೆ ಒಗ್ಗಿದರೆ ರಾತ್ರಿ ಸ್ನಾನದ ನಂತರ ಹಚ್ಚಲಿ, ಬಿಸಿಲು ತಡೆಯೋಕೆ ಮಾತ್ರ ಅದನ್ನು ನಂಬೋ ಹಾಗಿಲ್ಲ. ಸಾಸಿವೆ ಎಣ್ಣೆ, ಕಡಲೆಹಿಟ್ಟು, ಅರಿಶಿನ ಹಚ್ಚಿ ಉಜ್ಜೋದು ಬೇಡ. ನಿಂಬೆರಸವಂತೂ ಬಿಸಿಲಿಗೆ ಸೇರಿ ಸುಟ್ಟ ಗುಳ್ಳೆ ಎಬ್ಬಿಸುತ್ತೆ.

ಪ್ರಶ್ನೆ ಕೇಳಿದವರು, ಮೆಲ್ಬರ್ನ್:

ಎಲ್ಲರಿಗೂ ಧನ್ಯವಾದ. ಕಪ್ಪು ಬಿಳುಪಿನ ಚಿಂತೆ ನನಗಿಲ್ಲ ಸರ್, ಅವಳ ಅಳು ನಿಲ್ಲಬೇಕು ಅಷ್ಟೇ. ಕಿಂಡರ್‌ನಲ್ಲಿ ಏನು ಹೇಳಲಿ? ಮನೆಯಲ್ಲಿ ನ್ಯಾಪಿ ರ‍್ಯಾಶ್ ಕ್ರೀಮ್ ಇದೆ, ಅದರಲ್ಲೂ ಜಿಂಕ್ ಅಂತಲೇ ಬರೆದಿದೆ, ಅದನ್ನೇ ಹಚ್ಚಬಹುದಾ?

ಚೈಲ್ಡ್‌ಕೇರ್ ಎಜುಕೇಟರ್, ಜೀಲಾಂಗ್:

ನ್ಯಾಪಿ ಕ್ರೀಮ್, ಕ್ಯಾಲಮೈನ್ ಎರಡೂ ಬೇಡ ಅಕ್ಕ. ಜಿಂಕ್ ಇದ್ದರೂ ಅದು ಬಿಸಿಲಿಗೆ ಅಂತ ಸಮನಾಗಿ ಹರಡಿ ತಯಾರಿಸಿದ್ದಲ್ಲ, ಎಸ್‌ಪಿಎಫ್ ಪರೀಕ್ಷೆಯೂ ಆಗಿರಲ್ಲ.

ಕಿಂಡರ್‌ಗೆ ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕೊಡಿ. ಸೇರಿಸುವಾಗ ಸಹಿ ಮಾಡಿದ ಫಾರಂನಲ್ಲಿ ಸನ್‌ಸ್ಕ್ರೀನ್ ಅನುಮತಿ ಅಂತ ಒಂದು ಕಡೆ ಇರುತ್ತೆ, ಅದನ್ನು "ಮನೆಯಿಂದ ತಂದದ್ದು ಮಾತ್ರ" ಅಂತ ಬದಲಾಯಿಸಿಸಿ. ಟ್ಯೂಬ್ ಮೇಲೆ ಹೆಸರು, ತೆರೆದ ದಿನಾಂಕ. ಬೆಳಗಿನದ್ದು ಮನೆಯಲ್ಲೇ ಹಚ್ಚಿ ಕಳಿಸಿ, ಆಗ ಅವರ ಪಾಲಿಗೆ ಮಧ್ಯಾಹ್ನದ್ದು ಮಾತ್ರ. ಒಂದನ್ನು ಖಂಡಿತ ಕೇಳಿಕೊಳ್ಳಿ: ಬೇರೆ ಮಕ್ಕಳಿಗೆ ಹಚ್ಚಿದ ಕೈಯಲ್ಲೇ, ಅದೇ ಗ್ಲೌಸಿನಲ್ಲೇ ಇವಳಿಗೂ ಹಚ್ಚಬಾರದು. ಇವಳಿಗೇ ಮೊದಲು ಹಚ್ಚಲಿ, ಇಲ್ಲವೇ ಗ್ಲೌಸ್ ಬದಲಾಯಿಸಲಿ. ಸ್ವಂತ ಟ್ಯೂಬ್ ಕಳಿಸಿದರೂ ಕೆಂಪಾಗುತ್ತೆ ಅನ್ನೋ ಮಕ್ಕಳಲ್ಲಿ ಇದೊಂದು ಕಾರಣ ಇರುತ್ತೆ. ಕನ್ನಡಿ ಮುಂದೆ ಅವಳೇ ಹಚ್ಚಿಕೊಳ್ಳೋದನ್ನೂ ಕಲಿಸಿ. ಮಕ್ಕಳು ಕಿವಿ ತುದಿ, ಕತ್ತಿನ ಹಿಂಭಾಗ ಮರೆಯುತ್ತಾರೆ.

ಬ್ರಿಸ್ಬೇನ್, ಮೂಲ ಧಾರವಾಡ:

ಜಿಂಕ್ ಹಚ್ಚಿದ್ರ ನಮ್ಮ ಮಕ್ಕಳ ಮಾರಿ ಬೂದಿ ಬಳದಂಗ ಕಾಣ್ತದ, ಅದಕ್ಕ ಮಕ್ಕಳು ಒಲ್ಲೆ ಅಂತಾರ. ಒಮ್ಮೆಲೇ ದಪ್ಪ ಬಳೀಬ್ಯಾಡ್ರಿ. ಚುಕ್ಕಿ ಚುಕ್ಕಿ ಇಟ್ಟು ತೆಳ್ಳಗ ಒಂದು ಪದರ, ಐದು ನಿಮಿಷ ಬಿಟ್ಟು ಇನ್ನೊಂದು. ಟಿಂಟೆಡ್ ಅಂತ ಬರ್ತದಲ್ಲ, ಐರನ್ ಆಕ್ಸೈಡ್ ಇರೋದು, ಅದು ಕಂದು ಚರ್ಮಕ್ಕ ಹೊಂದ್ತದ. ಕಲೆ ಗಾಢ ಆಗೂದನ್ನೂ ತಡೀತದ. ಅಂಗಿ ಕಾಲರಿಗೆ ಹತ್ತಿದ್ರ ಮಾತ್ರ ಲಗೂನ ಹೋಗೂದಿಲ್ಲ.

ಫಾರ್ಮಸಿಸ್ಟ್, ಪರ್ತ್:

ಕಣ್ಣಿನ ಸುತ್ತ ಕ್ರೀಮ್ ಬದಲು ಜಿಂಕ್ ಸ್ಟಿಕ್ ಬಳಸಿ, ಮೇಣದ ಹಾಗಿರೋದರಿಂದ ಬೆವರಿಗೆ ಇಳಿಯಲ್ಲ. ನಾಲ್ಕು ಸಲ ಹಿಂದೆ ಮುಂದೆ ಎಳೆದು ಬೆರಳಲ್ಲಿ ಹರಡಿ. ಡಿಸೆಂಬರ್ ರಜೆಗೆ ಬೆಂಗಳೂರಿಗೆ ಹೋಗೋರು ಅಲ್ಲಿ ಚಳಿ ಅಂತ ಟ್ಯೂಬ್ ಬಿಟ್ಟು ಹೋಗಬೇಡಿ, ಮಧ್ಯಾಹ್ನದ ಯುವಿ ಅಲ್ಲಿ ಆಗಲೂ 3ಕ್ಕಿಂತ ಬಹಳ ಮೇಲಿರುತ್ತೆ. ಚಳಿಗೂ ಯುವಿಗೂ ಸಂಬಂಧವಿಲ್ಲ.

ಸಂಜೆ ತೆಗೆಯೋ ವಿಧಾನ ಯಾರೂ ಬರೆದಿಲ್ಲ. ಜಿಂಕ್ ಬರೀ ನೀರಿಗೆ ಹೋಗಲ್ಲ ಅಂತ ಉಜ್ಜಿ ಉಜ್ಜಿ ತೊಳೆದು, ಆ ಉಜ್ಜಿದ ಉರಿಯನ್ನು ಸನ್‌ಸ್ಕ್ರೀನ್ ಮೇಲೆ ಹಾಕ್ತಾರೆ. ಒಣ ಚರ್ಮದ ಮೇಲೇ ಮಗುವಿನ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ ಎರಡು ನಿಮಿಷ ಬಿಡಿ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒತ್ತಿ ಎತ್ತಿ. ಆಮೇಲೆ ಉಗುರುಬೆಚ್ಚಗಿನ ನೀರು, ಸೋಪಿಲ್ಲದ ವಾಶ್. ಒರೆಸಿ, ಮೂರು ನಿಮಿಷದೊಳಗೆ ಮತ್ತೆ ಮಾಯಿಶ್ಚರೈಸರ್.

ಇಷ್ಟಾದರೂ ಕೆಂಪಾದರೆ ಯಾವಾಗ ಆಗುತ್ತೆ ಅಂತ ಬರೆದಿಡಿ. ಹಚ್ಚಿದ ಕೂಡಲೇ ಉರಿದು ಒಂದು ಗಂಟೆಯಲ್ಲಿ ಇಳಿದರೆ ಕೆರಳಿಕೆ, ಬಹುಶಃ ನಿಮ್ಮ ಮಗಳದ್ದು ಇದೇ. ಮರುದಿನ ಅಥವಾ ಅದರ ಮರುದಿನ ತುರಿಕೆ ಎದ್ದರೆ ಅಲರ್ಜಿ. ಹಚ್ಚಿದ ಜಾಗದಲ್ಲೇ ಬಿಸಿಲು ಬಿದ್ದ ಕಡೆ ಎದ್ದು, ಬಟ್ಟೆ ಮುಚ್ಚಿದ ಕಡೆ ಏನೂ ಆಗದಿದ್ದರೆ ಅದು ಬೆಳಕು ಸೇರಿದ ಅಲರ್ಜಿ. ಕೊನೆಯ ಎರಡಕ್ಕೆ ಜಿಪಿ ಚೀಟಿ ತಗೊಂಡು ಚರ್ಮತಜ್ಞರ ಹತ್ತಿರ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಅಂಶಗಳನ್ನು ಅಂಟಿಸಿ ಅಲರ್ಜಿ ಯಾವುದಕ್ಕೆ ಅಂತ ನೋಡೋ ಪರೀಕ್ಷೆ) ಮಾಡಿಸಬೇಕು. ಹೋಗುವಾಗ ಖಾಲಿಯಾದ ಟ್ಯೂಬುಗಳನ್ನೂ ಬಿಸಾಡದೆ ಎಲ್ಲವನ್ನೂ ತಗೊಂಡು ಹೋಗಿ, ಕಿಂಡರ್ ಬಾಟಲಿಯ ಹಿಂಬದಿ ಫೋಟೋ ಸಮೇತ.