ಎಡದಂಡೆ ಕಾಲುವೆ ನೀರು: ಯಾರ ಮಾತು ಯಾರಿಗೆ ಮುಟ್ಟುತ್ತದೆ?

ಪ್ರಶ್ನೆ (ಮಾನ್ವಿ, ಎಂಎ ವಿದ್ಯಾರ್ಥಿನಿ)

ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿದೆ. ಒಂದು ವರ್ಷ ಭತ್ತ ಹಾಲುಗಟ್ಟುವ ಹೊತ್ತಿಗೆ ನೀರು ನಿಂತಿತು. ಅಪ್ಪ ರಾತ್ರಿಯೆಲ್ಲ ಕಾಲುವೆ ದಂಡೆಯಲ್ಲಿ ಕೂತಿದ್ದರು. ನೀರಿನ ವಿಷಯದಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಲೇಬೇಕು ಅಂತ ಪ್ರಾಜೆಕ್ಟಿಗೆ ಸೋಶಿಯಲ್ ನೆಟ್‌ವರ್ಕ್ ಅನಾಲಿಸಿಸ್ (ಜನರ ನಡುವಿನ ನಂಟನ್ನು ಗೆರೆ ಎಳೆದು ನೋಡುವ ವಿಧಾನ) ಆರಿಸಿಕೊಂಡೆ. ಕಾಲುವೆಗೆ ನೀರು ಯಾವಾಗ ಬಿಡಬೇಕೆಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ ಸಭೆಗಳಿಗೆ ಬಂದವರ ಹೆಸರನ್ನು ಪೇಪರ್ ನೋಡಿ ಬರೆದುಕೊಂಡೆ. ಒಂದೇ ಸಭೆಯಲ್ಲಿ ಕೂತವರ ನಡುವೆ ಗೆರೆ ಎಳೆದೆ. ಈ ನಂಟುಗಳ ಚಿತ್ರ ಬಿಡಿಸುವ ಗೆಫಿ ಸಾಫ್ಟ್‌ವೇರಿನಲ್ಲಿ ಹಾಕಿದರೆ ಎಲ್ಲರೂ ಎಲ್ಲರಿಗೂ ಅಂಟಿಕೊಂಡು ಬರೀ ಗೋಜಲು! ಎಲ್ಲಿ ತಪ್ಪಿದೆ?

ಉತ್ತರ (ಕೊಪ್ಪಳ, ಕಾಲೇಜು ಮೇಷ್ಟ್ರು)

ಒಂದು ಸಭೆಗೆ 20 ಜನ ಬಂದರೆ ಆಗಲೇ 190 ಗೆರೆ ಆಯಿತು. ಒಂದು ಮಾತೂ ಆಡದವರಿಗೂ ನಂಟು ಬಿದ್ದುಬಿಡುತ್ತದೆ, ಅಲ್ವಾ? ಜನರನ್ನು ಒಂದು ಕಡೆ, ಸಭೆಗಳನ್ನು ಇನ್ನೊಂದು ಕಡೆ ಇಡಿ. ವ್ಯಕ್ತಿಯಿಂದ ಸಭೆಗೆ ಮಾತ್ರ ಗೆರೆ ಎಳೆಯಿರಿ.

ಗೆರೆ ಜಾಸ್ತಿ ಇದ್ದವರೇ ದೊಡ್ಡವರು ಅಂದುಕೊಳ್ಳಬೇಡಿ. ಪ್ಯಾಜೆಟ್ ಮತ್ತು ಆನ್ಸೆಲ್ ಎಂಬ ಸಂಶೋಧಕರು 1993ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಮೆಡಿಚಿ ಮನೆತನದ ಬಗ್ಗೆ ಬರೆದರು. ಹಳೇ ಬೀಗತನ, ವ್ಯಾಪಾರದ ಸಂಬಂಧ ಎಲ್ಲವನ್ನೂ ಜೋಡಿಸಿ ನೋಡಿದರು. ಮೆಡಿಚಿಗಳ ಜೊತೆಗಿದ್ದ ಮನೆತನಗಳಿಗೆ ತಮ್ಮ ತಮ್ಮಲ್ಲಿ ನಂಟು ಕಡಿಮೆ. ಏನೇ ಆಗಬೇಕಿದ್ದರೂ ಮೆಡಿಚಿಗಳನ್ನು ದಾಟಿಯೇ ಹೋಗಬೇಕಿತ್ತು. ಹೀಗೆ ನಡುವೆ ನಿಂತವರನ್ನು ಅಳೆಯುವ ಲೆಕ್ಕವನ್ನು ಫ್ರೀಮನ್ ಎಂಬ ಸಮಾಜಶಾಸ್ತ್ರಜ್ಞ 1977ರಲ್ಲೇ ಕೊಟ್ಟಿದ್ದರು. ಅದು ಗೆಫಿಯಲ್ಲೂ ಇದೆ.

ಉತ್ತರ (ಸಿಂಧನೂರು, ರೈತ)

ತಂಗಿ, ಮುನಿರಾಬಾದಿನಲ್ಲಿ ಸಭೆ ಮುಗಿಯುತ್ತದೆ. ತೂಬಿನ ಹತ್ತಿರ ಕಥೆ ಶುರುವಾಗುವುದೇ ಆಮೇಲೆ. ಕಾಲುವೆ, ತೂಬು ನೋಡಿಕೊಳ್ಳುವ ಗ್ಯಾಂಗ್‌ಮನ್ ಹೆಸರು ಸಭೆಯ ಸುದ್ದಿಯಲ್ಲಿ ಎಲ್ಲಾದರೂ ಸಿಕ್ಕಿತಾ? ರೈತರನ್ನೇ ಕೇಳಿ: "ನೀರು ಬರದಿದ್ದರೆ ಮೊದಲು ಯಾರಿಗೆ ಫೋನ್ ಮಾಡುತ್ತೀರಿ?" ಅವರು ಹೇಳಿದವರನ್ನೂ ಇದನ್ನೇ ಕೇಳಿ. ಗೆರೆಗೆ ಬಾಣ ಹಾಕಿ, ಯಾರು ಯಾರಿಗೆ ಮಾಡಿದರು ಎಂದು ಕಾಣಬೇಕು. ಆದರೆ ಯಾರ ಹೆಸರನ್ನೂ ಬರೆಯಬೇಡಿ, ಬದಲಿಗೆ ಒಬ್ಬೊಬ್ಬರಿಗೆ ಒಂದೊಂದು ನಂಬರ್ ಕೊಡಿ. ನಿಮ್ಮನ್ನು ನಂಬಿ ಹೇಳಿದವರಿಗೆ ನಾಳೆ ತೊಂದರೆ ಆಗಬಾರದು.

ಪ್ರಶ್ನೆ ಕೇಳಿದವರು

ಮೇಷ್ಟ್ರೇ, ಅಣ್ಣಾ, ಇಬ್ಬರಿಗೂ ಥ್ಯಾಂಕ್ಸ್. ರಾತ್ರಿ ಊಟಕ್ಕೆ ಕೂತಾಗ ಮೊದಲು ಅಪ್ಪನನ್ನೇ ಕೇಳಿದೆ. ಮೂವರನ್ನು ಹೇಳಿದರು: ಗ್ಯಾಂಗ್‌ಮನ್, ಗೊಬ್ಬರದಂಗಡಿಯವರು, ಕಾಲುವೆ ಮೇಲ್ಭಾಗದ ಊರಿನಲ್ಲಿರುವ ನಮ್ಮ ಸೋದರಮಾವ. ನನ್ನ ಪಟ್ಟಿಯಲ್ಲಿ ಈ ಮೂವರಲ್ಲಿ ಒಬ್ಬರೂ ಇರಲಿಲ್ಲ. ಭಾನುವಾರ ಮಾವನ ಊರಿಗೆ ಹೋಗುತ್ತಿದ್ದೇನೆ.