ಸಹಾಯ ಬೇಕು: ಕೀಟನಾಶಕ ಔಷಧಿ ವಿಷದಲ್ಲಿ ನಾಡಿ ಯಾಕೆ ಜೋರಾಗತ್ತೆ?

ನಮಸ್ಕಾರ ಎಲ್ರಿಗೂ, ನಾನು ಮಂಡ್ಯದಲ್ಲಿ ಬಿಎಸ್ಸಿ ನರ್ಸಿಂಗ್ ಓದ್ತಿದೀನಿ, ಫಾರ್ಮಕಾಲಜಿ ಗೊತ್ತಿರೋರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ. ಹೋದ ತಿಂಗಳು ನಮ್ ದೊಡ್ಡಪ್ಪ ಭತ್ತದ ಗದ್ದೆಗೆ ಆರ್ಗನೋಫಾಸ್ಫೇಟ್ ಅನ್ನೋ ಜಾತಿ ಕೀಟನಾಶಕ ಔಷಧಿ ಹೊಡಿತಾ ಇದ್ದೋರು ಜೊಲ್ಲು, ಬೆವರು, ಕಣ್ಣೀರು ಎಲ್ಲಾ ಒಟ್ಟಿಗೆ ಸುರಿದು, ಕಣ್ಣಿನ ಪಾಪೆ ಸೂಜಿಮೊನೆ ಥರ ಆಗಿ ಬದಿನಲ್ಲೇ ಬಿದ್ಬಿಟ್ರು, ದೇವರ ದಯೆ ಈಗ ಹುಷಾರಾಗಿದಾರೆ.

ಕೋಲಿನೆಸ್ಟರೇಸ್ ಕಿಣ್ವ ನಿಂತೋಗಿ ಅಸಿಟೈಲ್‌ಕೋಲಿನ್ (ನರದ ಸಂದೇಶ ಒಯ್ಯೋ ರಾಸಾಯನಿಕ) ಒಡೀದೆ ಕೂಡ್ಕೊಳತ್ತೆ, ಇದಕ್ಕೆ ಮದ್ದಾಗಿ ಕೊಡೋ ಅಟ್ರೋಪಿನ್ ಅದು ಹೋಗಿ ಕೂರೋ ಜಾಗಗಳಲ್ಲಿ ಮಸ್ಕರಿನಿಕ್ ರಿಸೆಪ್ಟರ್ (ಗ್ರಂಥಿ, ಹೃದಯದಲ್ಲಿರೋ ಥರದ್ದು) ಮಾತ್ರ ಮುಚ್ಚತ್ತೆ, ಅದಕ್ಕೇ ಎದೆ ಕಫ ಒಣಗಿದ್ರೂ ಸ್ನಾಯು ಅದುರೋದು ಅದರಿಂದ ನಿಲ್ಲಲ್ಲ ಯಾಕಂದ್ರೆ ಅಲ್ಲಿರೋದು ನಿಕೋಟಿನಿಕ್ ಅನ್ನೋ ಇನ್ನೊಂದು ಥರದ ರಿಸೆಪ್ಟರ್, ಇಷ್ಟು ಅರ್ಥ ಆಗಿದೆ.

ಸಿಕ್ಕಾಕೊಂಡಿರೋದು ನಾಡಿ ಹತ್ರ. ವೇಗಸ್ ನರದ (ಹೃದಯಕ್ಕೆ ಬ್ರೇಕ್ ಹಾಕೋ ನರ) ಲೆಕ್ಕದಲ್ಲಿ ಹೃದಯ ನಿಧಾನ ಆಗ್ಬೇಕಿತ್ತು ತಾನೆ, ದೊಡ್ಡಪ್ಪಂಗೆ ಅಟ್ರೋಪಿನ್ ಕೊಡೋಕೆ ಮುಂಚೆನೇ ಜೋರಾಗಿ ಹೊಡ್ಕೊತಿತ್ತು, ನಾನೇ ಕೈ ಹಿಡಿದು ಎಣಿಸಿದ್ದೆ. ಸಿಂಪಥೆಟಿಕ್ ಗ್ಯಾಂಗ್ಲಿಯಾನ್ (ಹೃದಯ ಜೋರು ಮಾಡೋ ನರಗಳ ಗಂಟು), ಅಡ್ರಿನಲ್ ಮೆಡುಲಾ (ಮೂತ್ರಪಿಂಡದ ಮೇಲಿರೋ ಗ್ರಂಥಿಯ ಒಳಭಾಗ) ಎರಡ್ರಲ್ಲೂ ನಿಕೋಟಿನಿಕ್ ರಿಸೆಪ್ಟರ್ ಇರತ್ತಲ್ಲ, ಅದು ಕೆರಳಿ ಅಡ್ರಿನಲಿನ್ ಬಂದು ಹಿಂಗಾಯ್ತಾ, ಇಲ್ಲಾ ಉಸಿರು ಕಟ್ಟಿ ಆಕ್ಸಿಜನ್ ಕಮ್ಮಿ ಆಗಿದ್ದಕ್ಕಾ? ಎರಡೂ ಇದ್ರೆ ಯಾವುದು ಅಂತ ವಾರ್ಡಲ್ಲಿ ಹೆಂಗೆ ಗುರುತಿಸ್ತೀರಾ?

ಕನ್ನಡದಲ್ಲೇ ಹೇಳಿದ್ರೆ ನಮ್ಮೂರಲ್ಲಿ ಔಷಧಿ ಹೊಡಿಯೋರಿಗೂ ಕೂರಿಸ್ಕೊಂಡು ತಿಳಿಸ್ತೀನಿ.