ಜಾರಿದ್ದನ್ನು ಎತ್ತಿ ಕಟ್ಟಲು ಓಪನ್ನೋ, ಲ್ಯಾಪ್ರೋಸ್ಕೋಪಿಯೋ?

ಕಾಪುವಿನಿಂದ ಕೇಳುತ್ತಿದ್ದೇನೆ. ಅಮ್ಮನಿಗೆ 61 ವರ್ಷ. ಗರ್ಭಕೋಶ ಹಿಂದೆಯೇ ತೆಗೆಸಿದ್ದೇವೆ. ಈಗ ಯೋನಿಯ ಮೇಲ್ಭಾಗವೇ ಕೆಳಗೆ ಜಾರಿದೆ. ಮೆಶ್ (ಬಲೆಯಂಥ ಪಟ್ಟಿ) ಹಾಕಿ ಎತ್ತಿ ಕಟ್ಟಬೇಕಂತೆ. ಒಬ್ಬ ಡಾಕ್ಟರು ಓಪನ್, ಅಂದರೆ ಹೊಟ್ಟೆ ಕೊಯ್ದು ಮಾಡುವುದು ಅಂದರು, ಇನ್ನೊಬ್ಬರು ಲ್ಯಾಪ್ರೋಸ್ಕೋಪಿ, ಅಂದರೆ ಸಣ್ಣ ತೂತುಗಳಲ್ಲಿ ಕ್ಯಾಮೆರಾ ಹಾಕಿ ಮಾಡುವುದು. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಸುರತ್ಕಲ್‌ನಿಂದ:
ತಂಗಿ, ನನಗೆ ಇದೇ ಆಪರೇಷನ್ ಲ್ಯಾಪ್ರೋಸ್ಕೋಪಿಯಲ್ಲಿ ಆಗಿದೆ, ಅತ್ತಿಗೆಗೆ ಓಪನ್. ಒಳಗಿನ ಕೆಲಸ ಒಂದೇ. ಮೆಶ್‌ನ ಒಂದು ತುದಿ ಯೋನಿಗೆ, ಇನ್ನೊಂದು ತುದಿ ಸೊಂಟದ ಹಿಂದಿನ ಎಲುಬಿಗೆ. ಅತ್ತಿಗೆ 6 ದಿನ ಆಸ್ಪತ್ರೆಯಲ್ಲಿದ್ದರು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯುತ್ತಿದ್ದರು. ನನಗೆ 4 ಸಣ್ಣ ತೂತು, ಮೂರನೇ ದಿನ ಮನೆ. ಆದರೆ ಹೊಟ್ಟೆಗೆ ತುಂಬುವ ಗ್ಯಾಸಿನಿಂದ ಭುಜ ನೋಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಹಾರ್ಟ್ ತೊಂದರೆ ಅಂದುಕೊಂಡು ರಾತ್ರಿಯಿಡೀ ಹೆದರಿದ್ದೆ. ಅಮ್ಮನಿಗೆ ಮೊದಲೇ ಹೇಳಿಡಿ. ಲ್ಯಾಪ್ರೋಸ್ಕೋಪಿಯಲ್ಲಿ ಆಪರೇಷನ್‌ಗೆ ಸಮಯ ಜಾಸ್ತಿ ಹಿಡಿಯುತ್ತದೆ, ತಲೆ ತಗ್ಗಿಗೆ ಮಾಡಿ ಮಲಗಿಸುತ್ತಾರೆ. ಹೃದಯ, ಉಸಿರಾಟದ ತೊಂದರೆ ಇದ್ದರೆ ಅರಿವಳಿಕೆ ಡಾಕ್ಟರ ಹತ್ತಿರ ಮುಂಚೆಯೇ ಮಾತಾಡಿ.

ಇನ್ನೊಂದು ವಿಷಯ. ಗಾಯ ಸಣ್ಣದಲ್ವಾ ಅಂತ 15ನೇ ದಿನಕ್ಕೇ ನಾನು ಬಾವಿಗೆ ಹೋದೆ. ಅತ್ತೆ ಓಡಿ ಬಂದು ಕೈಯಿಂದ ಹಗ್ಗ ಕಸಿದುಕೊಂಡರು. ಒಳಗಿನ ಹೊಲಿಗೆ ಗಟ್ಟಿಯಾಗಲು ನನಗೂ ಅತ್ತಿಗೆಗೂ ಅಷ್ಟೇ ಸಮಯ ಬೇಕಿತ್ತು. 3 ತಿಂಗಳು ಕೊಡಪಾನ ಎತ್ತಬೇಡಿ ಅಂದಿದ್ದರು. ಮಲಬದ್ಧತೆಯಾಗಿ ತಿಣುಕುವುದೂ ಕೂಡದು. ನನ್ನನ್ನು ಕೇಳಿದರೆ ಲ್ಯಾಪ್ರೋಸ್ಕೋಪಿಯೇ ಒಳ್ಳೆಯದು, ಆದರೆ ಅದರಲ್ಲಿ ಕೈ ಪಳಗಿದವರು ಸಿಕ್ಕಿದರೆ ಮಾತ್ರ. ಇದೇ ಆಪರೇಷನ್ ಎಷ್ಟು ಮಾಡಿದ್ದೀರಿ ಅಂತ ನೇರವಾಗಿ ಕೇಳಿ. ಕೇಳಲು ನಾಚಿಕೆ ಬೇಡ. ಓಪನ್‌ನಲ್ಲೇ ಪಳಗಿದ ಡಾಕ್ಟರಾದರೆ ಓಪನ್ನೇ ಇರಲಿ. ಅತ್ತಿಗೆ ಈಗ ನನ್ನಷ್ಟೇ ಚೆನ್ನಾಗಿದ್ದಾರೆ.

ಮಣಿಪಾಲದಿಂದ:
ಮೆಶ್ ಅಂದರೆ ಭಯ ಬೇಡ. 2019ರಲ್ಲಿ ಅಮೆರಿಕದಲ್ಲಿ ಮಾರಾಟ ನಿಲ್ಲಿಸಿದ್ದು ಯೋನಿಯ ಮೂಲಕ ಹಾಕುವ ಮೆಶ್. ಇದು ಹೊಟ್ಟೆಯ ಕಡೆಯಿಂದ ಹಾಕುವುದು. ಆದರೂ ಅಪರೂಪಕ್ಕೆ ಮೆಶ್ ಯೋನಿಯೊಳಗೆ ಹೊರಚಾಚುವುದುಂಟು. ವರ್ಷಗಳ ನಂತರವೂ ರಕ್ತಸ್ರಾವ ಕಂಡರೆ ಕೂಡಲೇ ತೋರಿಸಿ. ನನ್ನ ಅಮ್ಮನಿಗೆ 74, ಆಪರೇಷನ್ ಬೇಡವೆಂದು ರಿಂಗ್ (ಜಾರದಂತೆ ಯೋನಿಯೊಳಗೆ ಆಧಾರಕ್ಕೆ ಇಡುವ ಬಳೆ) ಹಾಕಿಸಿಕೊಂಡಿದ್ದಾರೆ. ಆಗಾಗ ಹೋಗಿ ಅದನ್ನು ತೊಳೆಸಿಕೊಂಡು ಬರುತ್ತಾರೆ. ಅದನ್ನೂ ಕೇಳಿ ನೋಡಿ.

ಕಾಪುವಿನಿಂದ:
ಅಕ್ಕಾ, ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. 3 ತಿಂಗಳು ದನಕ್ಕೆ ಹುಲ್ಲು ಯಾರು ತರುತ್ತಾರೆ ಅಂತ ಕೇಳಿದರು. ತಮ್ಮ ಒಪ್ಪಿದ್ದಾನೆ.